ದಿನದ ಚಿಂತನೆ: ಬಾಟಿಯೂ ರೊಟ್ಟಿಯೇ



ಇಳಕಲ್ ಹತ್ತಿರದ ತಾಂಡಾದಿಂದ ಬರುವ ಒಂದನೇ ತರಗತಿಯ ಹುಡುಗಿಗೆ ರೊಟ್ಟಿಯ ಚಿತ್ರ ತೋರಿಸಿದೆ. ‘ಬಾಟಿ’ ಎಂದಳು. ಅವಳ ಮನೆಮಾತು ಲಂಬಾಣಿ. ‘ತಪ್ಪು, ರೊಟ್ಟಿ ಅನ್ನು’ ಎಂದೆ. ಮಕ್ಕಳು ನಕ್ಕರು. ವಾರವಿಡೀ ಅವಳು ಬಾಯಿ ಬಿಡಲಿಲ್ಲ.

ಅರಣವಿಭಂಗ ಸುತ್ತದಲ್ಲಿ ಬುದ್ಧರು ತಿಳಿಸುತ್ತಾರೆ: ಒಂದೇ ಪಾತ್ರೆಗೆ ನಾಡಿಗೊಂದು ಹೆಸರು, ನನ್ನದೊಂದೇ ಸರಿ ಎಂಬ ಹಟ ಕಲಹದ ದಾರಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಅನುಕೂಲ ಮಾಡಬೇಕೆಂದು ಸಂವಿಧಾನದ 350ಎ ವಿಧಿಯೂ ಹೇಳುತ್ತದೆ.

ಕನ್ನಡ ಕಲಿಸುವುದು ನನ್ನ ಕೆಲಸ. ಅದಿಲ್ಲದಿದ್ದರೆ ನಾಳೆ ಕಚೇರಿ, ಆಸ್ಪತ್ರೆಗಳಲ್ಲಿ ಅವಳಿಗೆ ದನಿ ಇರುವುದಿಲ್ಲ. ಆದರೆ ಅವ್ವನಿಂದ ಕಲಿತ ಮಾತನ್ನು ತಪ್ಪೆನ್ನುವುದು ಸಮ್ಯಕ್ ವಾಕ್ ಅಲ್ಲ.

ಸೋಮವಾರ ಹಲಗೆಯ ಮೇಲೆ ಬಾಟಿ, ರೊಟ್ಟಿ ಎರಡೂ ಬರೆದೆ. ‘ನೀರಿಗೆ ಏನಂತೀವ್ವಾ?’ ಎಂದು ಕೇಳಿದೆ. ಮೆಲ್ಲಗೆ ‘ಪಾಣಿ’ ಎಂದಳು. ಈ ಸಲ ಯಾರೂ ನಗಲಿಲ್ಲ.

ಭವತು ಸಬ್ಬ ಮಂಗಲಂ 🙏