ನೋವು ಹರಕೆಯ ಅಳತೆಯೇ?

ಮಲೇಷ್ಯಾದ ಸೆಲಾಂಗೊರ್ ರಾಜ್ಯದ ಸೈಬರ್‌ಜಯಾ 1997ರಲ್ಲಿ ಉದ್ಘಾಟನೆಗೊಂಡ ಊರು, ಕಂಪ್ಯೂಟರ್ ಮುಂದೆ ಕೂತು ದುಡಿಯುವವರಿಗೆಂದೇ ಕಟ್ಟಿದ್ದು. ಅದೇ ರಾಜ್ಯದ ಬಟು ಗುಹೆಯಲ್ಲಿ ಮುರುಗನ ಸನ್ನಿಧಿಯಿದೆ. ಆ ದೇವರ ಹಬ್ಬವಾದ ತೈಪೂಸಂ ದಿನ ಭಕ್ತರು ಬರಿಗಾಲಲ್ಲಿ ಕಾವಡಿ ಹೊತ್ತು ಅಲ್ಲಿಯ 272 ಮೆಟ್ಟಿಲು ಹತ್ತುತ್ತಾರೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವ ನಮ್ಮವರಿಗೂ ಇದು ಹೊಸತಲ್ಲ. ಕಾಲು ನೊಂದಷ್ಟೂ ಹರಕೆ ಸಂದಂತೆ ಎಂಬ ನಂಬಿಕೆ ಎರಡೂ ಕಡೆ ಇದೆ. ಆ ನಂಬಿಕೆ ತಪ್ಪೆಂದು ನನ್ನ ವಾದ; ನನ್ನ ಸಾಕ್ಷಿ ಹಿಮ್ಮಡಿಯೇ.

ಮೀನಖಂಡದ ಎರಡು ಸ್ನಾಯುಗಳು ಕೆಳಗೆ ಒಂದೇ ಹುರಿಯಾಗಿ ಹಿಮ್ಮಡಿ ಮೂಳೆಗೆ ಕೂಡಿಕೊಳ್ಳುತ್ತವೆ. ಅದೇ ಅಕಿಲಿಸ್ ರಜ್ಜು. ಓಡುವಾಗ ಮೈತೂಕದ ಹಲವು ಪಟ್ಟು ಭಾರವನ್ನು ತಡೆಯುವ ಈ ಹುರಿಗೆ ರಕ್ತ ಸಾಲದು, ಅದರಲ್ಲೂ ಮೂಳೆಯಿಂದ 2ರಿಂದ 6 ಸೆಂಟಿಮೀಟರ್ ಮೇಲೆ. ಹುರಿ ಹರಿದು ತುಂಡಾಗುವುದೂ ಹೆಚ್ಚಾಗಿ ಅಲ್ಲೇ. ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಬಿಟ್ಟ ವಿಕಿರಣಶೀಲ ಇಂಗಾಲದ ಜಾಡು ಹಿಡಿದ ಡೆನ್ಮಾರ್ಕಿನ ಸಂಶೋಧಕರು, ರಜ್ಜುವಿನ ತಿರುಳು ಬೆಳವಣಿಗೆ ಮುಗಿದ ಮೇಲೆ ಹೊಸತಾಗುವುದೇ ಇಲ್ಲವೆಂಬಷ್ಟು ಕಡಿಮೆ ಎಂದು 2013ರಲ್ಲಿ ತೋರಿಸಿದರು. ಹದಿಹರೆಯದಲ್ಲಿ ಸಿಕ್ಕಿದ್ದನ್ನೇ ಮುದುಕರಾಗುವವರೆಗೆ ಬಾಳಿಸಬೇಕು. ಅಕಿಲಿಸ್ ಸೇರಿದಂತೆ ದೇಹದ ಬೇರೆಬೇರೆ ಕಡೆ ಹರಿದ 891 ರಜ್ಜುಗಳನ್ನು ಪರೀಕ್ಷಿಸಿದ 1991ರ ಅಧ್ಯಯನದಲ್ಲಿ ಶೇ. 97ರಷ್ಟು ಮೊದಲೇ ಸವೆದಿದ್ದವು. ಆದರೂ ಬಹಳ ಮಂದಿಗೆ ಮುಂಚೆ ನೋವೇ ಕಾಣಿಸಿರಲಿಲ್ಲ. ಸವೆತವೇ ಸದ್ದಿಲ್ಲದೆ ನಡೆಯುವಾಗ, ನೋವಿನಿಂದ ತ್ಯಾಗವನ್ನು ಅಳೆಯುವುದು ಹೇಗೆ? ಸಿಪ್ರೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯೋಟಿಕ್ ಮಾತ್ರೆ ನುಂಗಿದವರ ರಜ್ಜು ಹರಿಯುವ ಅಪಾಯ ಹೆಚ್ಚು. ಅಂಥವರು ಮೆಟ್ಟಿಲಲ್ಲಿ ಕುಸಿದರೆ ಭಕ್ತಿ ಸಾಲಲಿಲ್ಲ ಎನ್ನುವುದು ಕ್ರೌರ್ಯ.

ದೇಹವನ್ನು ಮೀರುವುದೇ ಭಕ್ತಿಯಲ್ಲವೇ ಎಂದು ಕೇಳಬಹುದು. ಮೀರುವುದು ಬೇರೆ, ಹಿಂಸಿಸುವುದು ಬೇರೆ. ಗೀತೆಯ ಹದಿನೇಳನೆಯ ಅಧ್ಯಾಯ ದೇಹವನ್ನು ಕೃಶಗೊಳಿಸುವ ಘೋರ ತಪಸ್ಸನ್ನು ಒಪ್ಪುವುದಿಲ್ಲ. ಒಳಗಿರುವ ದೇವರನ್ನೇ ಅಂಥ ತಪಸ್ಸು ನೋಯಿಸುತ್ತದೆ ಎನ್ನುತ್ತದೆ. ದೇಹವನ್ನೇ ದೇಗುಲವೆಂದ ಬಸವಣ್ಣನವರ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾದರೆ ಹತ್ತದೆ ಕೂತಿರುವುದೇ ಕ್ಷೇಮವೇ? ಅದೂ ಅಲ್ಲ. ಭಾರ ಕಾಣದ ರಜ್ಜು ಇನ್ನೂ ದುರ್ಬಲವಾಗುತ್ತದೆ. ತಿರುಳು ಹೊಸತಾಗದಿದ್ದರೂ, ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿದ ಭಾರದಿಂದ ಗಟ್ಟಿಯಾಗುತ್ತದೆ. ಕಾವಡಿ ಹೊರುವ ಅನೇಕರು 48 ದಿನ ವ್ರತ ಹಿಡಿದು ನಾಲಿಗೆಯನ್ನೂ ಮನಸ್ಸನ್ನೂ ಅಣಿಗೊಳಿಸುತ್ತಾರೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ದುಡಿಯುವವರು ಆ ದಿನಗಳಲ್ಲಿ ಸಂಜೆ ಕುರ್ಚಿಯಿಂದೆದ್ದು ಮನೆಯ ಮೆಟ್ಟಿಲು ಹತ್ತಿಳಿಯುವುದೂ, ಹಿಮ್ಮಡಿ ಎತ್ತಿ ನಿಧಾನಕ್ಕೆ ಇಳಿಸುವುದೂ ಅದೇ ವ್ರತಕ್ಕೆ ಸೇರಿದ್ದೆಂದು ನಾನು ನಂಬುತ್ತೇನೆ.