ಸಂಶಯದ ಲಾಭ ಯಾರಿಗೆ?

ಎರಡು ವರ್ಷದ ಹಿಂದೆ ಲಕ್ಷ್ಮೀ ನಗರದ ನಮ್ಮ ಮನೆಗೆ ಬಣ್ಣ ಹೊಡೆಸಿದೆವು. ಗಲ್ಲಿಯೊಳಗಿನ ಕಟ್ಟಡ, ಎಂಬತ್ತರ ದಶಕದ್ದು. ನಾವು ಕೊಂಡಾಗಲೇ ಬಾಗಿಲು, ಕಿಟಕಿ, ಗ್ರಿಲ್ಲುಗಳ ಮೇಲೆ ಎನಾಮಲ್ ಪೇಂಟು ಪದರ ಪದರವಾಗಿ ಕೂತಿತ್ತು. ಹಳದಿಯ ಮೇಲೆ ಹಸಿರು, ಹಸಿರಿನ ಮೇಲೆ ಬಿಳಿ. ಧೂಳಾಗುತ್ತದೆಂದು ಹೆಂಡತಿಯನ್ನೂ ಐದು ವರ್ಷದ ಮಗಳನ್ನೂ ತಿಪಟೂರಿಗೆ, ಅಮ್ಮನ ಮನೆಗೆ ಕಳಿಸಿದೆ.

ಪೇಂಟರ್ ಬಿಹಾರದ ಕಡೆಯವನು. ಅವನ ಹೆಂಡತಿಯೂ ಕೆಲಸಕ್ಕೆ ಬರುತ್ತಿದ್ದಳು. ಬಿಟ್ಟುಬರಲು ಯಾರೂ ಇಲ್ಲದ್ದರಿಂದ ಮಗುವೂ ಜೊತೆಗೆ, ಎರಡು ವರ್ಷದ್ದಿರಬಹುದು. ಅಪ್ಪ ರೇಗ್‌ಮಾಲ್ ಹಿಡಿದು ಬಾಗಿಲು ಉಜ್ಜುತ್ತಿದ್ದರೆ ಅದು ಕೆಳಗೆ ಕೂತು ಉದುರಿದ ಬಣ್ಣದ ಚಕ್ಕೆಗಳನ್ನು ಜೋಡಿಸಿ ಆಡುತ್ತಿತ್ತು. ಅದೇ ಕೈಯಲ್ಲಿ ಬಿಸ್ಕತ್ತು ತಿನ್ನುತ್ತಿತ್ತು. ಆ ಬಿಸ್ಕತ್ತು ತಂದುಕೊಟ್ಟವನು ನಾನೇ. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡಿದ್ದೆ.

ಒಂದು ತಿಂಗಳಾದ ಮೇಲೆ ಅಮೆರಿಕದ ಸಹೋದ್ಯೋಗಿಯೊಬ್ಬಳು ಮೀಟಿಂಗಿನ ನಡುವೆ ತನ್ನ ಹಳೇ ಮನೆಯ ರಿಪೇರಿಯ ಕಥೆ ಹೇಳಿದಳು. ಎರಡು ಕಿಟಕಿ ಕೆರೆಯಲು ಕೋಣೆಗೆಲ್ಲ ಪ್ಲಾಸ್ಟಿಕ್ ಹಾಸಿ, ಬಾಗಿಲಿಗೆ ಪರದೆ ಕಟ್ಟಿ, ಮಾಸ್ಕ್ ಹಾಕಿಕೊಂಡು ಕೆಲಸ ಮಾಡಿದರಂತೆ. ಯಾಕೆ ಅಂದೆ. ‘ಸೀಸ’ ಅಂದಳು. ಅವತ್ತು ರಾತ್ರಿ ಕೂತು ಓದಿದೆ.

ಬಣ್ಣ ಹೊಳೆಯಲಿ, ಬೇಗ ಒಣಗಲಿ, ಬಾಳಿಕೆ ಬರಲಿ ಎಂದು ಎನಾಮಲ್‌ಗೆ ಸೀಸದ ಸಂಯುಕ್ತಗಳನ್ನು ಸೇರಿಸುತ್ತಿದ್ದರು. ಹಳದಿಗಂತೂ ಲೆಡ್ ಕ್ರೋಮೇಟ್. ಗೋಡೆಗೆ ಗಟ್ಟಿಯಾಗಿ ಅಂಟಿಕೊಂಡಿರುವ ತನಕ ಅದರಿಂದ ಅಪಾಯ ಕಡಿಮೆ. ಒಣಗೇ ಉಜ್ಜಿದಾಗ ಧೂಳಾಗಿ ಮೈಯೊಳಗೆ ಹೋಗುತ್ತದೆ. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಅದು ಕ್ಯಾಲ್ಸಿಯಂನ ವೇಷದಲ್ಲಿ ಮೂಳೆಯಲ್ಲಿ ಉಳಿಯುತ್ತದೆ, ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆ. ಇಷ್ಟು ಸೀಸವಾದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮಲ್ಲಿ ಕಾನೂನಿಲ್ಲವೇ? ಇದೆ. 2016ರ ನವೆಂಬರ್ 1ರಂದು ಪ್ರಕಟವಾಗಿ ಒಂದು ವರ್ಷದ ನಂತರ ಜಾರಿಗೆ ಬಂದ ಕೇಂದ್ರದ ನಿಯಮದ ಪ್ರಕಾರ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು. ಒಳ್ಳೆಯ ನಿಯಮ. ಆದರೆ ಅದು ನೋಡುವುದು ಕಾರ್ಖಾನೆಯನ್ನು, ಅಂಗಡಿಯ ಡಬ್ಬಿಯನ್ನು. ನಮ್ಮ ಬಾಗಿಲಿನ ಮೇಲೆ ಆಗಲೇ ಕೂತಿದ್ದ ಹಳದಿ ಪದರದ ಬಗ್ಗೆ, ಅದನ್ನು ಕೆರೆಯುವ ಕೈಯ ಬಗ್ಗೆ ಅದರಲ್ಲಿ ಮಾತಿಲ್ಲ. ನನ್ನ ವೃತ್ತಿಯ ಭಾಷೆಯಲ್ಲಿ ಹೇಳಬೇಕೆಂದರೆ ಹಳೆಯದು ‘ಔಟ್ ಆಫ್ ಸ್ಕೋಪ್’. ಹಾಗೆಂದು ಬರೆದ ಎಷ್ಟೋ ಸಾಲುಗಳು ಆಮೇಲೆ ಯಾರ ತಲೆಯ ಮೇಲೆ ಬಿದ್ದವೆಂದು ನನಗೆ ಗೊತ್ತು.

ಅಮೆರಿಕ ಮನೆಗಳಲ್ಲಿ ಇಂಥ ಬಣ್ಣವನ್ನು ನಿಷೇಧಿಸಿದ್ದು 1978ರಲ್ಲಿ. ಹಳೇ ಮನೆಗಳ ರಿಪೇರಿಗೆ ನಿಯಮ ಜಾರಿಗೆ ಬರಲು 2010 ಆಯಿತು. ನಡುವೆ ಮೂವತ್ತೆರಡು ವರ್ಷ, ಅವರೇನು ದೇವತೆಗಳಲ್ಲ. ಆ ನಿಯಮದಲ್ಲಿ ನನಗೆ ಹಿಡಿಸಿದ್ದು ಪ್ಲಾಸ್ಟಿಕ್ ಹಾಳೆಯಲ್ಲ, ಅದರ ಹಿಂದಿನ ತರ್ಕ. 1978ಕ್ಕಿಂತ ಹಳೆಯ ಮನೆಯಾದರೆ, ಪರೀಕ್ಷೆ ಮಾಡಿಸಿ ಇಲ್ಲವೆಂದು ತೋರಿಸದ ಹೊರತು, ಸೀಸ ಇದೆ ಎಂದೇ ತಿಳಿದು ಕೆಲಸ ಮಾಡಬೇಕು. ಸಂಶಯದ ಲಾಭ ಮಗುವಿಗೆ.

ನಮ್ಮ ಮನೆಯಲ್ಲಿ ಸಂಶಯದ ಲಾಭ ಪಡೆದವನು ನಾನು. ಬಾಗಿಲಿನಲ್ಲಿ ಸೀಸ ಇತ್ತೋ ಇಲ್ಲವೋ ಪರೀಕ್ಷೆ ಮಾಡಿಸಲಿಲ್ಲ, ಮಾಡಿಸೆಂದು ಯಾರೂ ಕೇಳಲೂ ಇಲ್ಲ. ‘ಗೊತ್ತಿರಲಿಲ್ಲ’ ಎಂಬ ಮಾತು ಅರ್ಧ ಮಾತ್ರ ನಿಜ. ಸೀಸದ ವಿಷಯ ಗೊತ್ತಿರಲಿಲ್ಲ, ಧೂಳಿನ ವಿಷಯ ಗೊತ್ತಿತ್ತು. ಅದಕ್ಕೇ ಅಲ್ಲವೇ ನನ್ನ ಮಗಳನ್ನು ಊರಿಗೆ ಕಳಿಸಿದ್ದು?

ಓದಿದ ಮೇಲೂ ಫೋನ್ ಮಾಡಲು ಮೂರು ವಾರ ಬೇಕಾಯಿತು. ಮಗುವಿನ ರಕ್ತ ಪರೀಕ್ಷೆಗೆ ನಾನೇ ದುಡ್ಡು ಕೊಡುತ್ತೇನೆ ಅಂದೆ. ಪೇಂಟರ್ ತಾಳ್ಮೆಯಿಂದ ಕೇಳಿಸಿಕೊಂಡ. “ಸಾಬ್, ಇದೆ ಅಂತ ಬಂದರೆ ಏನು ಮಾಡಬೇಕು?” ತೀರಾ ಹೆಚ್ಚಿದ್ದರೆ ಆಸ್ಪತ್ರೆಯಲ್ಲಿ ಔಷಧಿ, ಕಡಿಮೆಯಿದ್ದರೆ ಒಳ್ಳೆಯ ಊಟ ಕೊಟ್ಟು ಧೂಳಿನಿಂದ ದೂರ ಇಡಬೇಕು ಅಂದೆ. “ದೂರ ಅಂದರೆ ಎಲ್ಲಿ?” ಅಂದ. ನೀರು ಹಾಕಿ ಉಜ್ಜಬಹುದಲ್ಲ ಅಂದೆ. “ಎರಡು ದಿನ ಜಾಸ್ತಿ ಹಿಡಿಯುತ್ತೆ. ನಾನು ಅದನ್ನೂ ಸೇರಿಸಿ ರೇಟು ಹೇಳಿದರೆ ನೀವು ಪಕ್ಕದ ಗಲ್ಲಿಯವನನ್ನು ಕರೀತೀರಿ.”

ಉತ್ತರ ಹೊಳೆಯಲಿಲ್ಲ. ಮೂವರ ರೇಟು ಕೇಳಿ ಎಲ್ಲಕ್ಕಿಂತ ಕಡಿಮೆ ಹೇಳಿದ್ದನೆಂದೇ ನಾನು ಅವನನ್ನು ಕರೆದಿದ್ದೆ.

ಸರ್ಕಾರದ ನಿಯಮ ಯಾಕೆ ಬೇಕು ಎಂಬುದನ್ನು ಅವನಷ್ಟು ಸ್ಪಷ್ಟವಾಗಿ ನನಗೆ ಯಾರೂ ಹೇಳಿಲ್ಲ. ಒಬ್ಬನೇ ಜಾಗ್ರತೆಯಿಂದ ಕೆಲಸ ಮಾಡಿದರೆ ಅವನ ಕೆಲಸವೇ ಹೋಗುತ್ತದೆ. ಎಲ್ಲರೂ ಮಾಡಲೇಬೇಕೆಂದಾದರೆ ಆ ಎರಡು ದಿನದ ಖರ್ಚು ಮನೆಯವನ ಬಿಲ್ಲಿಗೆ ಬರುತ್ತದೆ, ಬರಬೇಕಾದ ಜಾಗಕ್ಕೆ. ಪೆಟ್ರೋಲಿನಲ್ಲೂ ಸೀಸ ಇತ್ತು. ಬೆಂಗಳೂರಿನಲ್ಲಿ ಜಾರ್ಜ್ ಫೌಂಡೇಷನ್, ಸೇಂಟ್ ಜಾನ್ಸ್‌ನ ಡಾ. ತುಪ್ಪಿಲ್ ವೆಂಕಟೇಶ್ ಅಂಥವರು ಸೀಸದ ವಿಷದ ಬಗ್ಗೆ ದನಿಯೆತ್ತಿದರು. 2000ದಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲೇ ಆಯಿತು. ನಾವ್ಯಾರೂ ಸಜ್ಜನರಾಗಿ ಅದನ್ನು ಆರಿಸಿಕೊಂಡವರಲ್ಲ. ಬಂಕಿನಲ್ಲಿ ಬೇರೆ ಸಿಗಲಿಲ್ಲ, ಅಷ್ಟೇ.

ಗಲ್ಲಿಗೊಬ್ಬ ಇನ್ಸ್‌ಪೆಕ್ಟರ್ ಬಂದರೆ ಲಂಚಕ್ಕೆ ಇನ್ನೊಂದು ದಾರಿಯಾಗುತ್ತದೆ ಎಂದು ಗೆಳೆಯನೊಬ್ಬ ವಾದಿಸಿದ. ಆ ಭಯ ಸುಳ್ಳಲ್ಲ. ಆದರೂ ಹಳೇ ಮನೆಯಲ್ಲಿ ಒಣಗೇ ಉಜ್ಜಬಾರದು, ಚಿಕ್ಕ ಮಕ್ಕಳು ಅಲ್ಲಿರಬಾರದು, ಹೊಣೆ ಮನೆಯವನದು ಎಂಬ ಮೂರು ಸಾಲು ಕಾನೂನಿನಲ್ಲಿದ್ದರೆ, ಪೇಂಟರ್ ನನ್ನೆದುರು ನಿಂತು ಹೆಚ್ಚಿನ ರೇಟು ಕೇಳಲು ಅವನಿಗೊಂದು ಆಧಾರವಾದರೂ ಇರುತ್ತದೆ. ಈಗ ಅದೂ ಇಲ್ಲ.

ಆ ಮಗುವಿನ ಪರೀಕ್ಷೆ ಆಗಲಿಲ್ಲ. ಛಠ್ ಹಬ್ಬಕ್ಕೆ ಊರಿಗೆ ಹೋದವರು ಹಿಂತಿರುಗಿದರೋ ಇಲ್ಲವೋ, ಅವನ ನಂಬರು ಈಗ ಹತ್ತುವುದಿಲ್ಲ. ಈ ದೀಪಾವಳಿಗೆ ಬಾಲ್ಕನಿಯ ಗ್ರಿಲ್ಲಿಗೆ ಬಣ್ಣ ಆಗಬೇಕು. ನೀರು ಹಾಕಿ ಉಜ್ಜಬೇಕು, ಮಕ್ಕಳನ್ನು ಕರೆತರಬಾರದು, ಅದಕ್ಕಾಗುವ ದುಡ್ಡು ನಾನು ಕೊಡುತ್ತೇನೆ ಎಂದು ಹೊಸ ಪೇಂಟರಿಗೆ ಹೇಳಿದೆ. ಅವನು ನಕ್ಕು ಒಪ್ಪಿಕೊಂಡ. ಪಕ್ಕದ ಮನೆಯಲ್ಲೂ ಇದೇ ವಾರ ಕೆಲಸವಿದೆಯಂತೆ. ಅಲ್ಲಿ ಹೇಗೆ ಉಜ್ಜುತ್ತಾನೆಂದು ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಉತ್ತರ ಗೊತ್ತಿತ್ತು.