ಹಲವರ ಮಾತು, ಒಬ್ಬನ ಅರಿವು

ಹತ್ತು ಜನರು ನುಡಿದುದೆಲ್ಲವೂ ದಿಟವೆಂಬ ಭ್ರಮೆ ಮನುಷ್ಯನನ್ನು ಬಹುಕಾಲದಿಂದ ಕಾಡುತ್ತ ಬಂದಿದೆ. ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗವು ಇದನ್ನು ಸ್ಪಷ್ಟಪಡಿಸಿತು. ಸಮನಾದ ಉದ್ದದ ಗೆರೆಯನ್ನು ಗುರುತಿಸುವುದಷ್ಟೇ ಅಲ್ಲಿನ ಕೆಲಸ. ಒಬ್ಬ ವಿದ್ಯಾರ್ಥಿಯ ಹೊರತು ಉಳಿದವರೆಲ್ಲರೂ ಮೊದಲೇ ಮಾತಾಡಿಕೊಂಡು ಬೇಕೆಂದೇ ತಪ್ಪು ಹೇಳುತ್ತಿದ್ದರು. ಸತ್ಯವು ಕಣ್ಣೆದುರಿಗಿದ್ದರೂ, ಹೀಗೆ ಪರೀಕ್ಷೆಗೊಳಗಾದವರ ಉತ್ತರಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗುಂಪಿನ ತಪ್ಪನ್ನೇ ಅನುಸರಿಸಿದವು.

ಈ ದೌರ್ಬಲ್ಯವೇ ದುಷ್ಪ್ರಚಾರದ ಬಂಡವಾಳ. ಆಫ್ರಿಕದ ರುವಾಂಡಾ ದೇಶದಲ್ಲಿ 1993ರಲ್ಲಿ ಆರಂಭವಾದ ಒಂದು ರೇಡಿಯೋ ನಿಲಯವು ಟುಟ್ಸಿ ಜನರನ್ನು ಜಿರಲೆಗಳೆಂದು ಮತ್ತೆ ಮತ್ತೆ ಸಾರಿತು. ದ್ವೇಷವೇ ಊರಿನ ಮಾತಾಯಿತು. 1994ರ ಏಪ್ರಿಲಿನಲ್ಲಿ ಕೊಲೆ ಮೊದಲಾದಾಗ ಹಲವೆಡೆ ನೆರೆಯವನೇ ನೆರೆಯವನ ಮೇಲೆ ಮಚ್ಚನ್ನೆತ್ತಿದನು. ಸುಮಾರು 100 ದಿನಗಳಲ್ಲಿ ಲಕ್ಷಾಂತರ ಜೀವಗಳು ಅಳಿದವು. ಎಲ್ಲರೂ ಮಾಡಿದರೆಂಬ ಮಾತು ಕೈಯ ರಕ್ತವನ್ನು ತೊಳೆಯಬಲ್ಲುದೇ?

ಆಶ್ ಅವರ ಪ್ರಯೋಗದಲ್ಲಿ ಇನ್ನೊಂದು ಪಾಠವೂ ಉಂಟು. ಗುಂಪಿನಲ್ಲಿ ಮತ್ತೊಬ್ಬನು ನಿಜವನ್ನು ನುಡಿದಾಗ, ಗುಂಪಿಗೆ ಮಣಿದು ಹೇಳುವ ತಪ್ಪುಗಳು ನಾಲ್ಕರಲ್ಲೊಂದು ಪಾಲಿಗೆ ಇಳಿದವು. ಒಂದೇ ದಿಟವಾದ ನುಡಿ ಅಳುಕಿದವನಿಗೆ ಆಸರೆಯಾಯಿತು.

ಶರಣರು ಅರಿವನ್ನೇ ಗುರುವೆಂದು ಬಗೆದರು. ನೆರೆಯವರನ್ನು ಹಳಿಯುವ ಸುದ್ದಿ ಹೊಸ್ತಿಲಿಗೆ ಬಂದಾಗ, ಕಂಡವರಾರೆಂದು ಕೇಳುವುದೇ ಸದ್ಭಕ್ತನ ಮೊದಲ ಧರ್ಮ. ಕಾಣದುದನ್ನು ಕಂಡಂತೆ ಆಡದಿರುವುದು ನಾಲಗೆಯ ಶುದ್ಧಿ. ಹತ್ತು ಜನರ ನಡುವೆ ಒಬ್ಬಂಟಿಯಾದರೂ ಅಳುಕದೆ ನಿಜವನ್ನು ನುಡಿಯುವವನ ಮನೆಯೇ ಊರಿಗೆ ದೀಪ.